ಬೇರೆಯವರ ಹೆಸರಿನ ಲೋಟ

ನಿಮ್ಮ ಅಡುಗೆಮನೆಗೆ ಹೋಗಿ ಲೋಟಗಳನ್ನೆಲ್ಲ ಒಂದು ಸಲ ತಿರುವಿ ನೋಡಿ. ಅವುಗಳಲ್ಲಿ ಒಂದಾದರೂ ನಿಮ್ಮದಲ್ಲದ್ದು ಸಿಕ್ಕೇ ಸಿಗುತ್ತದೆ. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿದ್ದ ಅಂಥ ಲೋಟದ ಮೇಲೆ ‘ಹೆ. ಮ. ಪು.’ ಎಂದು ಚುಕ್ಕೆ ಚುಕ್ಕೆಯಾಗಿ ಹೊಡೆಸಿತ್ತು. ಯಾರು ಆ ಮಹಾನುಭಾವರು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಅಪ್ಪನಿಗೆ ಮಾತ್ರ ಕಾಫಿ ಅದರಲ್ಲೇ ಆಗಬೇಕು. ‘ಹೆಮಪು ಎಲ್ಲಿ?’ ಎಂದು ಬೆಳಿಗ್ಗೆ ಅವರು ಕೇಳಿದರೆ ಅಮ್ಮ ಲೋಟ ಹುಡುಕುತ್ತಿದ್ದಳು. ಹೆಮಪು ಎನ್ನುವವರು ನಮ್ಮ ದೂರದ ನೆಂಟರಿರಬೇಕು, ಯಾವಾಗಲೋ ಒಂದು ದಿನ ರೈಲಿನಲ್ಲಿ ಬರುತ್ತಾರೆ ಎಂದು ನಾನು ಐದನೇ ಕ್ಲಾಸಿನ ತನಕ ನಂಬಿದ್ದೆ.

ಇಂಥ ಲೋಟಗಳು ಕಳ್ಳತನದಿಂದ ಬಂದವಲ್ಲ, ಅಷ್ಟು ಮಾತ್ರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆ ಪಕ್ಕದ ಮನೆಯವರು ಬಟ್ಟಲಲ್ಲಿ ಪಾಯಸ ಕಳಿಸಿದರೆ ಬಟ್ಟಲನ್ನು ಖಾಲಿ ಹಿಂದಿರುಗಿಸಬಾರದು. ಏನಾದರೂ ಹಾಕಿಯೇ ಕೊಡಬೇಕು. ಅವರು ಗೋಡಂಬಿ ಹಾಕಿದ ಪಾಯಸ ಕೊಟ್ಟಿರುವಾಗ ನಾವು ಉಪ್ಪಿಟ್ಟು ಹಾಕಿ ಕೊಡುವುದು ಹೇಗೆ? ಒಳ್ಳೆಯದೇನಾದರೂ ಮಾಡಿದಾಗ ಕೊಟ್ಟರಾಯಿತು ಎಂದು ಅಮ್ಮ ಬಟ್ಟಲನ್ನು ಮೇಲಿಡುತ್ತಾಳೆ. ಒಳ್ಳೆಯದು ಮಾಡುವ ಹೊತ್ತಿಗೆ ಅವರಿಗೆ ಶಿವಮೊಗ್ಗಕ್ಕೆ ವರ್ಗವಾಗಿರುತ್ತದೆ. ಮರ್ಯಾದೆ ಹೆಚ್ಚಿದ್ದಷ್ಟೂ ಪರರ ಪಾತ್ರೆ ಮನೆಯಲ್ಲಿ ಹೆಚ್ಚು. ಹಾಗಾಗಿ ನಮ್ಮದು ತೀರಾ ಮರ್ಯಾದಸ್ಥರ ಮನೆಯಾಗಿತ್ತು.

ಈ ಆಕಸ್ಮಿಕವನ್ನು ನಾನು ಚಟ ಮಾಡಿಕೊಂಡೆ. ಬ್ಯಾಂಕಿನ ಗುಮಾಸ್ತಿಕೆ ಮುಗಿಸಿ ಮನೆಯಲ್ಲಿ ಕೂತ ಮೇಲೆ ಶುರುವಾದದ್ದು. ಬೇರೆಯವರ ಹೆಸರಿರುವ ಹಳೆಯ ಸಾಮಾನು ಕಂಡರೆ ಕೈ ಜೇಬಿಗೆ ಹೋಗುತ್ತದೆ. ಹೆಸರಿಲ್ಲದ್ದು ಎಷ್ಟೇ ಚಂದವಿದ್ದರೂ ಬೇಡ. ಇದಕ್ಕೆ ಕಾರಣ ಕೇಳಬೇಡಿ, ಮನೆಯವಳು ಕೇಳಿ ಕೇಳಿ ಬಿಟ್ಟಿದ್ದಾಳೆ.

ನಾನಿರುವುದು ಕೆಂಗೇರಿ ಉಪನಗರದಲ್ಲಿ. ಮೊದಲೆಲ್ಲ ಮೈಸೂರಿನಿಂದ ರೈಲಿನಲ್ಲಿ ಬರುವವರು ಎಂಥ ನಿದ್ದೆಯಲ್ಲಿದ್ದರೂ ಕೆಂಗೇರಿ ಹತ್ತಿರವಾದಾಗ ತಾವಾಗಿಯೇ ಎದ್ದು ಕೂತು ಸಾಮಾನು ಇಳಿಸಿಕೊಳ್ಳುತ್ತಿದ್ದರು. ಎಬ್ಬಿಸುತ್ತಿದ್ದದ್ದು ಮೂಗು. ವೃಷಭಾವತಿ ಎಂಬ ಚಂದದ ಹೆಸರಿನ ನದಿಯನ್ನು ಇಡೀ ಬೆಂಗಳೂರು ಸೇರಿ ಮೋರಿ ಮಾಡಿತು. ಕೊನೆಗೆ ಅದಕ್ಕೆ ಬಿದ್ದ ಹೆಸರು ‘ಕೆಂಗೇರಿ ಮೋರಿ’. ಮಾಡಿದವರು ಅವರು, ಹೆಸರು ನಮ್ಮದು. ಮುಯ್ಯಿ ಲೆಕ್ಕದಲ್ಲಿ ಇಂಥ ಅನ್ಯಾಯ ನಾನು ಬೇರೆಲ್ಲೂ ಕಂಡಿಲ್ಲ. 2021ರ ಆಗಸ್ಟಿನಲ್ಲಿ ಮೆಟ್ರೊ ಇಲ್ಲಿಯ ತನಕ ಬಂತು. ಈಗ ಬಾಗಿಲು ಮುಚ್ಚಿದ ತಣ್ಣನೆಯ ಬೋಗಿಯಲ್ಲಿ ಬರುವವರಿಗೆ ಕೆಂಗೇರಿ ಬಂತೆಂದು ತಿಳಿಯಲು ಒಬ್ಬ ಹೆಂಗಸು ಮೈಕಿನಲ್ಲಿ ಎರಡು ಭಾಷೆಯಲ್ಲಿ ಹೇಳಬೇಕಾಗಿದೆ. ಅಂತೂ ನಗರಕ್ಕೆ ಬೇಡವಾದದ್ದೆಲ್ಲ ಈ ದಿಕ್ಕಿಗೇ ಹರಿದುಬರುತ್ತದೆ: ನೀರು ಮೋರಿಯಲ್ಲಿ, ಉಳಿದದ್ದು ಟೆಂಪೋದಲ್ಲಿ. ಟೆಂಪೋದಲ್ಲಿ ಬಂದದ್ದರಲ್ಲಿ ಒಂದಿಷ್ಟು ನಮ್ಮ ಗುಜರಿ ಅಕ್ಕನ ಅಂಗಡಿಯ ಮುಂದೆ ಇಳಿಯುತ್ತದೆ.

ಅಕ್ಕನಿಗೆ ಸುಮಾರು ಐವತ್ತೈದಿರಬಹುದು. ತಗಡಿನ ಮಾಡು, ಮುಂದೆ ಒಂದು ಎಲೆಕ್ಟ್ರಾನಿಕ್ ತಕ್ಕಡಿ, ಹಿಂದೆ ಮೂಟೆ ಕಟ್ಟಿದ ಪೇಪರು, ರೆಕ್ಕೆ ಕಳೆದುಕೊಂಡ ಫ್ಯಾನುಗಳು, ಬಿಯರ್ ಬಾಟಲಿಗಳ ಗುಡ್ಡ. ಮಧ್ಯೆ ಒಂದು ಕಾಲಿಗೆ ತಂತಿ ಸುತ್ತಿದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅವರು. ಹಳೇ ಪುಸ್ತಕ ಆರಿಸುವವನು ಮೇಷ್ಟ್ರಲ್ಲದೆ ಇನ್ನೇನು ಎಂದು ಅವರು ಮೊದಲ ದಿನವೇ ತೀರ್ಮಾನಿಸಿಬಿಟ್ಟರು. ನಾನು ಬ್ಯಾಂಕಿನಲ್ಲಿದ್ದವನು ಎಂದು ಎರಡು ಸಲ ಹೇಳಿ ನೋಡಿದೆ. ‘ಬ್ಯಾಂಕಲ್ಲಿ ಮೇಷ್ಟ್ರಾ?’ ಎಂದರು. ಸುಮ್ಮನಾದೆ.

ಅಕ್ಕನಿಗೆ ಓದು ಬರುವುದಿಲ್ಲ. ನಾನು ಕಂಡ ಕೂಡಲೇ, ‘ಬನ್ನಿ ಮೇಷ್ಟ್ರೇ, ಇವತ್ತು ಮೂರು ಬಂದೈತೆ, ಓದಿ’ ಎಂದು ಪಕ್ಕದ ಗೋಣಿಚೀಲದಿಂದ ಪಾತ್ರೆಗಳನ್ನು ತೆಗೆದಿಡುತ್ತಾರೆ. ನಾನು ಕನ್ನಡಕ ಏರಿಸಿ, ಬೆಳಕಿಗೆ ಹಿಡಿದು, ಉಗುರಿನಲ್ಲಿ ಕೊಳೆ ಕೆರೆದು ಓದುತ್ತೇನೆ. ‘ಗೃಹಪ್ರವೇಶದ ನೆನಪಿಗಾಗಿ’. ‘ಸೋದರ ಮಾವನವರಿಂದ’. ‘ಪ್ರೀತಿಯ ಕಾಣಿಕೆ’ ಎಂದಿರಬೇಕಾದದ್ದು ಒಂದು ತಟ್ಟೆಯ ಮೇಲೆ ‘ಪ್ರೀತಿಯ ಕಾಣೆ’ ಎಂದಷ್ಟೇ ಇತ್ತು. ತಟ್ಟೆಯ ಅಂಚು ಬಂದು ಹೊಡೆಯುವವನಿಗೆ ಜಾಗ ಸಾಲದೆ ಹೋಗಿದೆ. ಒಂದು ಕಾಲಕ್ಕೆ ಪಾತ್ರೆ ಅಂಗಡಿಯವರೇ ಚಾಣ, ಸುತ್ತಿಗೆ ಹಿಡಿದು ಟಕಟಕ ಎಂದು ಅಕ್ಷರ ಹೊಡೆದುಕೊಡುತ್ತಿದ್ದರು. ಆಮೇಲೆ ಕರೆಂಟಿನ ಪೆನ್ನು ಬಂತು. ಗುಂಯ್ ಎನ್ನುವ ಸದ್ದಿಗೆ ಹಲ್ಲು ಜುಮ್ಮೆನ್ನುತ್ತಿತ್ತು. ಚಾಣದ ಅಕ್ಷರ ಆಳ, ಪೆನ್ನಿನದು ಗೀರು. ಚಾಣದವರು ಹೆಚ್ಚು ತಪ್ಪು ಮಾಡುತ್ತಿದ್ದರು, ಪೆನ್ನಿನವರು ಬೇಗ ಮಾಡುತ್ತಿದ್ದರು.

ಓದಿಸಿಕೊಂಡು ಏನು ಮಾಡುತ್ತೀರಿ ಎಂದು ಒಮ್ಮೆ ಕೇಳಿದೆ.

‘ಹೆಸ್ರಿದ್ರೆ ಎಂಟು ದಿನ ಮಡಗ್ತೀನಿ. ಹೆಸ್ರಿಲ್ದೇ ಇರೋದು ಅವತ್ತೇ ಮೂಟೆಗೆ ಹೋಯ್ತದೆ.’

ಕಾರಣ ಇಷ್ಟು. ಯಾವನೋ ಮಗರಾಯ ಕುಡಿಯಲಿಕ್ಕೆ ದುಡ್ಡಿಲ್ಲದೆ ತಾಯಿಯ ಹಿತ್ತಾಳೆ ಕೊಡ ತಂದು ತೂಕಕ್ಕೆ ಹಾಕುತ್ತಾನೆ. ಮಾರನೇ ದಿನ ತಾಯಿ ಓಡಿ ಬರುತ್ತಾಳೆ. ಅಷ್ಟರಲ್ಲಿ ಕೊಡ ಸುತ್ತಿಗೆ ಏಟು ತಿಂದು ಚಪ್ಪಟೆಯಾಗಿರುತ್ತದೆ. ಹಾಗೆ ಒಂದು ಸಲ ಆಯಿತಂತೆ. ಆ ಹೆಂಗಸು ಜಗಳ ಆಡಲಿಲ್ಲ, ಬೈಯಲಿಲ್ಲ, ಚಪ್ಪಟೆಯಾದ ತಗಡಿನ ಮೇಲೆ ಹೆಸರಿದ್ದ ಜಾಗವನ್ನು ಕೈಯಲ್ಲಿ ಸವರಿ ಹೋದಳಂತೆ. ‘ಬೈದಿದ್ರೆ ಚೆನ್ನಾಗಿರ್ತಿತ್ತು ಮೇಷ್ಟ್ರೇ’ ಎಂದರು ಅಕ್ಕ. ಅಂದಿನಿಂದ ಹೆಸರಿಗೆ ಎಂಟು ದಿನದ ವಾಯಿದೆ. ಹುಡುಕಿಕೊಂಡು ಬಂದವರಿಗೆ ತಾವು ಕೊಟ್ಟ ದುಡ್ಡಿಗೇ ವಾಪಸು. ನಾನಿದ್ದಾಗಲೇ ಒಬ್ಬರು ಬಂದು ಕೊಳಗವೊಂದನ್ನು ತೆಗೆದುಕೊಂಡು ಹೋದದ್ದನ್ನು ಕಂಡಿದ್ದೇನೆ. ಎಂಟು ದಿನ ಕಳೆದರೂ ಯಾರೂ ಬಾರದ್ದು ನನ್ನ ಪಾಲಿಗೆ. ಬ್ಯಾಂಕಿನಲ್ಲಿ ವಾರಸುದಾರರಿಲ್ಲದ ಖಾತೆಗಳನ್ನು ಹತ್ತು ವರ್ಷ ಕಾಯುತ್ತಿದ್ದೆವು. ಕಾಯಲು ಅಲ್ಲಿ ದೊಡ್ಡ ಕಟ್ಟಡವಿತ್ತು, ಅಕ್ಕನಿಗೆ ಒಂದು ಗೋಣಿಚೀಲ.

ಆ ಚೀಲದಿಂದಲೇ ನಮ್ಮ ಹಿತ್ತಾಳೆ ತಪ್ಪಲೆ ಬಂದದ್ದು. ಎರಡು ಸೇರು ಅಕ್ಕಿ ಬೇಯುವಷ್ಟು ದೊಡ್ಡದು, ಹೊಟ್ಟೆಯ ಒಂದು ಮಗ್ಗುಲಿಗೆ ಏಟು ಬಿದ್ದು ತಗ್ಗು. ಕಂಠದ ಕೆಳಗೆ ಅಕ್ಷರ. ಹುಣಸೆಹಣ್ಣು, ಬೂದಿ, ತೆಂಗಿನ ನಾರು, ಎಷ್ಟು ವರ್ಷ ತಿಕ್ಕಿದ್ದರೋ, ಉಳಿದದ್ದು ‘ಚಿ. ಸೌ.’ ಎಂಬುದಷ್ಟೇ. ಅದರ ಮುಂದಿನ ಹೆಸರು ನುಣ್ಣಗಾಗಿ ಹೋಗಿದೆ. ಬೆರಳಿಟ್ಟರೆ ಏನೋ ತರಿತರಿ, ಕಣ್ಣಿಗೆ ಏನೂ ಇಲ್ಲ. ಹೊಡೆಯುವವನು ಮೊದಲೆರಡು ಅಕ್ಷರಕ್ಕೆ ಉತ್ಸಾಹದಿಂದ ಆಳಕ್ಕೆ ಇಳಿಸಿ, ಆಮೇಲೆ ಊಟದ ಹೊತ್ತಾಗಿ ಕೈ ಹಗುರ ಮಾಡಿರಬೇಕು ಎಂಬುದು ನನ್ನ ಊಹೆ.

ಮನೆಗೆ ತಂದಾಗ ಬಾಗಿಲಲ್ಲೇ ತಡೆಯಾಯಿತು.

‘ಇದೇನ್ರೀ ಇದು, ಯಾರ ಮನೆ ಎಂಜಲೋ!’

‘ಹಿತ್ತಾಳೆಗೆ ಎಂಜಲಿಲ್ಲ ಕಣೇ, ತಿಕ್ಕಿದರೆ ಹೋಯ್ತು.’

‘ಎಂಜಲು ಹೋಗುತ್ತೆ. ಯಾರ ಮನೆ ಕಣ್ಣೀರೋ ಅದು?’

ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಅವಳೇ ಅದನ್ನು ಹಿತ್ತಲಿಗೆ ಒಯ್ದು ಹುಣಸೆಹಣ್ಣು, ಕಲ್ಲುಪ್ಪು ಹಾಕಿ ತಿಕ್ಕಿ, ಅರಿಸಿನದ ನೀರು ಕುದಿಸಿ ಚೆಲ್ಲಿ, ಬಿಸಿಲಿಗೆ ಬೋರಲು ಹಾಕಿದಳು. ನಾನು ಏನು ತಂದರೂ ಇದೇ ಶುದ್ಧಿ. ಪುಸ್ತಕ ತಂದರೆ ಮಾತ್ರ ಅರಿಸಿನದ ನೀರಿಲ್ಲ, ಬಿಸಿಲು ಉಂಟು.

ಸಂಜೆ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ನಾನು ಸಂಶೋಧನೆಗೆ ಕೂತೆ. ಚಿ. ಎಂದಿದೆ, ಅಂದರೆ ಕೊಟ್ಟವರು ಹಿರಿಯರು. ಸೌ. ಎಂದಿದೆ, ಅಂದರೆ ಪಡೆದವಳು ಮದುಮಗಳು. ತಾಯ್ತಂದೆಯರು ಕೊಟ್ಟ ಬಳುವಳಿ. ಬೆಲ್ಲದ ಪಾಕದ್ದೋ ಏನೋ, ತಳದಲ್ಲಿ ಕರಿ ಕೂತಿದೆ, ಸೌದೆ ಒಲೆಯ ಕಾಲದ್ದು. ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಒಳಗಿನಿಂದ ಬಂತು: ‘ಎಡಗೈ ಹೆಂಗಸು. ತಗ್ಗು ನೋಡಿ ಯಾವ ಕಡೆ ಇದೆ, ಇಳಿಸೋವಾಗ ಒಲೆ ಅಂಚಿಗೆ ಬಡಿದದ್ದು.’ ನನ್ನ ವ್ಯಾಸಂಗವೆಲ್ಲ ಅಲ್ಲಿಗೆ ಸಪ್ಪಗಾಯಿತು.

ನಮ್ಮ ಜನ ಈ ಹೆಸರು ಹೊಡೆಸುವ ಕೆಲಸವನ್ನು ಸ್ಟೀಲು ಬಂದ ಮೇಲೆ ಕಲಿತದ್ದೇನಲ್ಲ. ಹಲ್ಮಿಡಿಯ ಕಾಲದಿಂದ, ಐದನೆಯ ಶತಮಾನದಿಂದ ಕೈಗೆ ಸಿಕ್ಕ ಕಲ್ಲಿನ ಮೇಲೆಲ್ಲ ಯಾರು, ಯಾರಿಗೆ, ಏನು, ಯಾವಾಗ ಕೊಟ್ಟರು ಎಂದು ಕೆತ್ತುತ್ತ ಬಂದವರು. ಲೂಯಿ ರೈಸ್ ಸಾಹೇಬರು ಹಳೆ ಮೈಸೂರು ಸೀಮೆಯನ್ನೆಲ್ಲ ಜಾಲಾಡಿ ಸುಮಾರು 9,000 ಶಾಸನಗಳನ್ನು ‘ಎಪಿಗ್ರಾಫಿಯಾ ಕರ್ನಾಟಿಕಾ’ ಸಂಪುಟಗಳಲ್ಲಿ ಅಚ್ಚು ಹಾಕಿಸಿದರು. ಅವರು ಇವತ್ತು ಇದ್ದಿದ್ದರೆ ಅಡುಗೆಮನೆಗಳಿಗೂ ನುಗ್ಗುತ್ತಿದ್ದರು. ದಾನಶಾಸನಕ್ಕೂ ಮದುವೆಯ ಕೊಳಗಕ್ಕೂ ಒಕ್ಕಣೆ ಒಂದೇ. ಒಂದೇ ವ್ಯತ್ಯಾಸವೆಂದರೆ ಶಾಸನದ ಕೊನೆಗೆ ಶಾಪವಿರುತ್ತದೆ: ಕೊಟ್ಟದ್ದನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟಲಿ ಎಂದು. ಪಾತ್ರೆಗೆ ಆ ಸಾಲು ಹೊಡೆಸದೆ ನಾವು ತಪ್ಪು ಮಾಡಿದೆವು. ಹೊಡೆಸಿದ್ದರೆ ಹೆಮಪು ಅವರ ಲೋಟ ಹೆಮಪು ಅವರ ಮನೆಗೆ ಹೋಗುತ್ತಿತ್ತು.

ಹೆಸರು ಹೊಡೆಸುವುದು ಜಂಬಕ್ಕಲ್ಲ, ಲೆಕ್ಕಕ್ಕೆ. ಮದುವೆಯಲ್ಲಿ ಯಾರು ಏನು ಮುಯ್ಯಿ ಮಾಡಿದರು ಎಂದು ಮೂಲೆಯಲ್ಲಿ ಒಬ್ಬರು ನೋಟ್‌ಬುಕ್ ಹಿಡಿದು ಬರೆಯುತ್ತಿದ್ದರು. ನಾಳೆ ಅವರ ಮನೆಯ ಮದುವೆಗೆ ಅಷ್ಟೇ ತೂಕದ್ದು ವಾಪಸು ಹೋಗಬೇಕು. ನೋಟ್‌ಬುಕ್ ಕಳೆದರೂ ಪಾತ್ರೆ ಸಾಕ್ಷಿ. ಈಗ ಮುಯ್ಯಿ ಎಂದರೆ ಒಂದು ರೂಪಾಯಿ ನಾಣ್ಯ ಅಂಟಿಸಿದ ಲಕೋಟೆ. ನೋಟಿನ ಮೇಲೆ ಯಾರ ಹೆಸರೂ ಇರುವುದಿಲ್ಲ, ರಿಸರ್ವ್ ಬ್ಯಾಂಕಿನ ಗವರ್ನರರ ಸಹಿ ಬಿಟ್ಟರೆ. ಮೂವತ್ತು ವರ್ಷ ಆ ಸಹಿಯನ್ನೇ ಎಣಿಸಿದವನು ನಾನು. ಅದರಲ್ಲಿ ಓದುವಂಥದ್ದೇನೂ ಇಲ್ಲ.

ಅಕ್ಕನ ಅಂಗಡಿಯ ಇನ್ನೊಂದು ಸಂಪಾದನೆ ಹಿತ್ತಾಳೆಯ ಪಾವು. ಅದಕ್ಕೆ ಹೆಸರಿಲ್ಲ, ನನ್ನ ನಿಯಮ ಮುರಿದು ತಂದದ್ದು, ತಳದಲ್ಲಿ ಸರ್ಕಾರಿ ಮುದ್ರೆಗಳಿದ್ದವು ಎಂಬ ಒಂದೇ ಕಾರಣಕ್ಕೆ. ಅಳತೆ ಸರಿಯಿದೆಯೇ ಎಂದು ಇಲಾಖೆಯವರು ಪರೀಕ್ಷಿಸಿ ಒತ್ತುತ್ತಿದ್ದ ಠಸ್ಸೆಗಳು, ಒಂದರ ಮೇಲೊಂದು. ಯಾವನೋ ಅಂಗಡಿಯವನು ವರ್ಷ ವರ್ಷ ಪ್ರಾಮಾಣಿಕತೆ ಹೊಡೆಸಿಕೊಂಡು ಬಂದಿದ್ದಾನೆ. ನಾಲ್ಕು ಚಟಾಕಿಗೆ ಪಾವು, ಎರಡು ಪಾವಿಗೆ ಅಚ್ಚೇರು, ನಾಲ್ಕು ಪಾವಿಗೆ ಸೇರು. 1956ರಲ್ಲಿ ಕಾಯ್ದೆ ಮಾಡಿ, ಆಮೇಲೆ ಮೆಲ್ಲಮೆಲ್ಲಗೆ ದೇಶಕ್ಕೆಲ್ಲ ಕಿಲೋ, ಲೀಟರು ತಂದರು. ಅಂಗಡಿ ಕೇಳಿತು, ಅಡುಗೆಮನೆ ಕೇಳಲಿಲ್ಲ. ಪಾವು ತಂದ ದಿನ ಮನೆಯವಳು ಎಂಜಲಿನ ಮಾತೆತ್ತಲಿಲ್ಲ. ತನ್ನ ಪ್ಲಾಸ್ಟಿಕ್ ಲೋಟದಲ್ಲಿ ಅಕ್ಕಿ ಅಳೆದು ಇದಕ್ಕೆ ಸುರಿದಳು. ‘ಇಷ್ಟು ದಿನ ಅಕ್ಕಿ ಜಾಸ್ತಿ ಹಾಕ್ತಿದ್ದೆ. ಅದಕ್ಕೇ ನಿಮಗೆ ಹೊಟ್ಟೆ’ ಎಂದಳು.

ಅಕ್ಕನ ಅಂಗಡಿ ಸಾಲದೆ ಚಿಕ್ಕಪೇಟೆಯ ಸಂಡೇ ಬಜಾರಿಗೂ ಹೋಗುತ್ತೇನೆ. ಕೆಂಗೇರಿಯಲ್ಲಿ ನೇರಳೆ ಮಾರ್ಗ ಹತ್ತಿ ಮೆಜೆಸ್ಟಿಕ್ಕಿನಲ್ಲಿ ಹಸಿರಿಗೆ ಬದಲಿಸಿದರೆ ಒಂದೇ ಸ್ಟೇಷನ್ನು. ಭಾನುವಾರ ಅಂಗಡಿಗಳ ಬಾಗಿಲು ಹಾಕಿರುವಾಗ ಅವುಗಳ ಮುಂದಿನ ರಸ್ತೆಯಲ್ಲಿ ಗೋಣಿತಟ್ಟು ಹಾಸಿ ಹರಡುತ್ತಾರೆ. ರಿಮೋಟು, ಬೂಟು, ಡ್ರಿಲ್ ಮಷೀನು, ಕೈಯಿಲ್ಲದ ಗೊಂಬೆ, ಯಾರದ್ದೋ ಮದುವೆಯ ಗುಂಪು ಫೋಟೋ. ಬಜಾರಿನ ಈ ಕೊನೆಯಲ್ಲಿ ನಿಮ್ಮ ಒಂದು ಚಪ್ಪಲಿ ಕಳೆದರೆ ಆ ಕೊನೆಯಲ್ಲಿ ಅದನ್ನೇ ಕೊಳ್ಳಬಹುದು ಎನ್ನುವ ಮಾತು ನಮ್ಮ ತಾತನ ಕಾಲದಿಂದ ಇದೆ. ಅಲ್ಲಿ ವ್ಯಾಪಾರಕ್ಕೆ ಒಂದೇ ಸೂತ್ರ: ಬೇಕಾದದ್ದನ್ನು ನೋಡಬಾರದು. ಪಕ್ಕದ ತುಕ್ಕು ಹಿಡಿದ ಇಕ್ಕಳದ ಬೆಲೆ ಕೇಳಿ, ಕೊಸರಾಡಿ, ಬೇಡವೆಂದು ಎರಡು ಹೆಜ್ಜೆ ಹೋಗಿ, ತಿರುಗಿ, ‘ಇದೆಷ್ಟು?’ ಎನ್ನಬೇಕು. ನನಗೆ ಇದು ಈವತ್ತಿಗೂ ಬಂದಿಲ್ಲ. ಆಸೆ ನನ್ನ ಮುಖದ ಮೇಲೆ ಚಾಣದಲ್ಲಿ ಹೊಡೆಸಿದ ಹಾಗೆ ಕಾಣುತ್ತದೆ.

ಹಾಗೆ ಕಂಡೇ ರೇಡಿಯೋದಲ್ಲಿ ಟೋಪಿ ಬಿತ್ತು. ಮರದ ಪೆಟ್ಟಿಗೆಯ ಮರ್ಫಿ, ಮುಂದೆ ಗಾಜಿನ ಪಟ್ಟಿಯ ಮೇಲೆ ಊರುಗಳ ಹೆಸರು. ರೇಡಿಯೋಗೆ ಮೈಯೆಲ್ಲ ಹೆಸರಿದ್ದ ಕಾಲ ಅದು. ಮುಳ್ಳು ತಿರುಗಿಸಿದರೆ ಊರಿಂದೂರಿಗೆ ಹೋಗಬಹುದಿತ್ತು. ಮೈಸೂರಿನಲ್ಲಿ 1935ರಲ್ಲೇ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದ ಬಾನುಲಿ ಶುರುಮಾಡಿ ದೇಶಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸಿಕ್ಕಿದ್ದು, ಬೆಂಗಳೂರು ಕೇಂದ್ರ 1955ರಲ್ಲಿ ಬಂದದ್ದು, ಇದನ್ನೆಲ್ಲ ಮಾರುವವನಿಗೆ ವಿವರಿಸುತ್ತ ನಿಂತೆ. ಅವನು ಭಕ್ತಿಯಿಂದ ಕೇಳಿಸಿಕೊಂಡು ಬೆಲೆಯನ್ನು ಇನ್ನೂರು ಏರಿಸಿದ. ಮನೆಗೆ ಬಂದು ಹಿಂದಿನ ಹಲಗೆ ಬಿಚ್ಚಿದರೆ ಒಳಗೆ ಆಕಾಶ ಮಾತ್ರ ಇತ್ತು, ವಾಣಿ ಇರಲಿಲ್ಲ. ಒಂದು ವಾಲ್ವೂ ಇಲ್ಲ, ತಂತಿಯೂ ಇಲ್ಲ. ಈಗ ಅದರಲ್ಲಿ ಕರೆಂಟು ಬಿಲ್ಲು, ನೀರಿನ ಬಿಲ್ಲು ಇಡುತ್ತೇವೆ. ತಿಂಗಳ ಮೊದಲ ವಾರ ಮನೆಯವಳು, ‘ರೇಡಿಯೋ ಹಾಕ್ರೀ, ಈ ಸಲ ಎಷ್ಟು ಬಂದಿದೆ ಕೇಳೋಣ’ ಎನ್ನುತ್ತಾಳೆ.

ಕೈಗಡಿಯಾರ ಮಾತ್ರ ಮೋಸ ಮಾಡಲಿಲ್ಲ. ಎಚ್‌ಎಂಟಿ ಜನತಾ, ಹದಿನೇಳು ಕಲ್ಲಿನದು, ದಿನಾ ಬೆಳಿಗ್ಗೆ ಕೀ ಕೊಡಬೇಕು. ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ 1961ರಲ್ಲಿ ಜಾಲಹಳ್ಳಿಯಲ್ಲಿ ಶುರುವಾದ ಕಾರ್ಖಾನೆ, 2016ರಲ್ಲಿ ಬಾಗಿಲು ಹಾಕಿತು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ, ಅಳಿಯನಿಗೆ, ನಿವೃತ್ತನಿಗೆ, ಯಾರಿಗೆ ಕೊಟ್ಟರೂ ಇದೇ. ನಿವೃತ್ತನಾದವನಿಗೆ ಗಡಿಯಾರ ಕೊಡುವುದರಲ್ಲಿ ಏನು ಅರ್ಥವೋ, ನನಗೂ ಕೊಟ್ಟಿದ್ದಾರೆ. ಸಂಡೇ ಬಜಾರಿನ ಜನತಾ ಒಂದು ವಾರ ನಡೆದು ನಿಂತಿತು. ನಮ್ಮ ಬಸ್ ಸ್ಟ್ಯಾಂಡಿನ ಹತ್ತಿರದ ರಿಪೇರಿಯವರು ಹಿಂದಿನ ಮುಚ್ಚಳ ತೆಗೆದು, ಕಣ್ಣಿನ ಮಸೂರ ಕಳಚಿ ನನ್ನ ಕೈಗೇ ಕೊಟ್ಟರು. ‘ಒಳಗೆ ನೋಡಿ ಸಾರ್.’ ಮುಚ್ಚಳದ ಒಳಮೈಯಲ್ಲಿ ಕೂದಲೆಳೆಯಂಥ ಗೀಚುಗಳು, ಬೇರೆ ಬೇರೆ ಕೈಯವು. ಗಡಿಯಾರ ಬಿಚ್ಚಿದ ರಿಪೇರಿಯವರೆಲ್ಲ ತಮ್ಮ ಗುರುತು, ತಾರೀಖು ಗೀಚಿ ಮುಚ್ಚುತ್ತಾರಂತೆ. ಹೊರಗೆ ಕಟ್ಟಿಕೊಂಡವನಿಗೆ ಅದು ಯಾವತ್ತೂ ಕಾಣುವುದಿಲ್ಲ. ನಾಲ್ಕು ಗೀಚು ಎಣಿಸಿದೆ. ‘ನಾನು ಐದನೆಯವನು’ ಎಂದು ಅವರು ಸೂಜಿಯಂಥ ಮೊನೆಯಲ್ಲಿ ತಮ್ಮದನ್ನೂ ಗೀಚಿದರು, ತಲೆಯೆತ್ತದೆ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿದಂತೆ. ಗಡಿಯಾರ ಈಗ ದಿನಕ್ಕೆ ಎಂಟು ನಿಮಿಷ ಮುಂದೆ ಓಡುತ್ತದೆ. ತಪ್ಪದೆ ಎಂಟೇ ನಿಮಿಷ. ಆ ಶಿಸ್ತಿಗೆ ನಾನು ತಲೆಬಾಗಿದ್ದೇನೆ.

ಬಜಾರು ಮುಗಿಸಿ ಅವೆನ್ಯೂ ರಸ್ತೆಗೆ ಬಂದರೆ ಹಳೇ ಪುಸ್ತಕಗಳು. ಹಿಂದೆ ಇದಕ್ಕೆ ದೊಡ್ಡಪೇಟೆ ಎಂದೇ ಹೆಸರಿತ್ತು. ಅಲ್ಲೇ ರೈಸ್ ಮೆಮೋರಿಯಲ್ ಚರ್ಚಿದೆ. ಶಾಸನದ ಲೂಯಿ ರೈಸರ ತಂದೆ, ಪಾದ್ರಿ ಬೆಂಜಮಿನ್ ರೈಸರ ನೆನಪಿನದು. ಮಗ ಕಲ್ಲಿನ ಮೇಲಿನ ಹೆಸರುಗಳನ್ನು ಓದುತ್ತ ಊರೂರು ತಿರುಗಿದರೆ, ತಂದೆಯ ಹೆಸರು ಹೊತ್ತ ಚರ್ಚಿನ ಬೀದಿಯಲ್ಲಿ ನಾನು ರಟ್ಟಿನ ಒಳಮೈಯ ಹೆಸರುಗಳನ್ನು ಓದುತ್ತೇನೆ. ಪಿಯುಸಿ ಗೈಡುಗಳ ಅಡಿಯಲ್ಲಿ ಒಮ್ಮೊಮ್ಮೆ ಹಳೆಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿ ಸಿಗುತ್ತದೆ. ದಿನಕ್ಕಿಷ್ಟು ಪೈಸೆ ಬಾಡಿಗೆಗೆ ಓದಿಸುತ್ತಿದ್ದ ಆ ಗೂಡಂಗಡಿ ಲೈಬ್ರರಿಗಳು ಒಂದು ಕಾಲಕ್ಕೆ ರಾಜಾಜಿನಗರ, ವಿಜಯನಗರದ ಬೀದಿಬೀದಿಯಲ್ಲಿದ್ದವು. ಮಧ್ಯಾಹ್ನ ಊಟವಾದ ಮೇಲೆ ಹೆಂಗಸರು ಓದಿ, ಸಂಜೆ ಮಕ್ಕಳ ಕೈಯಲ್ಲಿ ಕಳಿಸಿ, ಇನ್ನೊಂದು ತರಿಸುತ್ತಿದ್ದರು. ಕನ್ನಡ ಕಾದಂಬರಿಯನ್ನು ಸಾಕಿದವರು ಅವರು. ವಿಮರ್ಶಕರು ಏನೇ ಹೇಳಲಿ.

ಹಾಗೆ ಸಿಕ್ಕಿದ್ದು ತ್ರಿವೇಣಿಯವರ ‘ಶರಪಂಜರ’. ಕಂದು ಕಾಗದದ ರಟ್ಟು, ಬೆನ್ನಿಗೆ ಹೊಲಿಗೆ, ಹುಳು ತಿಂದ ತೂತುಗಳು. ಒಳಗೆ ಅಂಚಿನಲ್ಲೆಲ್ಲ ಓದುಗರ ಬರಹ. ಮೊದಲ ಪುಟದಲ್ಲೇ ಪುಣ್ಯಾತ್ಮರೊಬ್ಬರು ‘ಕೊನೆ ದುಃಖ’ ಎಂದು ಬರೆದು ಮುಂದಿನವರನ್ನು ಎಚ್ಚರಿಸಿದ್ದಾರೆ. ಕಾಹಿಲೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಗಂಡ ದೂರ ಇಡುವ ಕಡೆ ಪೆನ್ಸಿಲಿನಲ್ಲಿ, ಒತ್ತಿ, ಕಾಗದ ಹರಿಯುವಷ್ಟು ಒತ್ತಿ, ‘ಅಯೋಗ್ಯ’ ಎಂದಿದೆ. ಅದರ ಕೆಳಗೆ ಬೇರೆ ಕೈ, ನೀಲಿ ಶಾಯಿ, ಗುಂಡು ಅಕ್ಷರ: ‘ಎಲ್ಲರ ಮನೆಯಲ್ಲೂ ಇಷ್ಟೇ.’ ಅದರ ಕೆಳಗೆ ಮೂರನೆಯವರು: ‘ನಮ್ಮ ಮನೆಯಲ್ಲಿ ಹಾಗಿಲ್ಲ.’ ಅದನ್ನು ಯಾರೋ ಹೊಡೆದುಹಾಕಿದ್ದಾರೆ. ಬರೆದವರೇ ಹೊಡೆದರೋ, ಓದಿದವರು ಹೊಡೆದರೋ ಎಂದು ನಾನು ಇನ್ನೂ ಯೋಚಿಸುತ್ತಿದ್ದೇನೆ. ಶಾಯಿ ಒಂದೇ ಬಣ್ಣದ್ದು. ಇಷ್ಟು ಮಾತಾಡಿಯೂ ಒಬ್ಬರೂ ಹೆಸರು ಬರೆದಿಲ್ಲ. ಪಾತ್ರೆಗೆ ಹೆಸರು ಹೊಡೆಸಿದವರು ಈ ಒಂದು ಕಡೆ ಹೆಸರು ಬೇಡವೆಂದುಕೊಂಡರು. ಮನೆಯವಳು ಇದನ್ನು ಎರಡು ದಿನ ಹಿಡಿದು ಓದಿದಳು. ಅವಳೂ ಏನಾದರೂ ಬರೆದಳೇ ಎಂದು ಆಮೇಲೆ ಆ ಪುಟ ತೆಗೆದು ನೋಡಿದೆ. ಬರೆದಿರಲಿಲ್ಲ. ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದರು. ಅಕ್ಕನ ಅಂಗಡಿಯಲ್ಲಿ ಈಗ ಕಾದಂಬರಿಗೂ ಟೆಲಿಫೋನ್ ಡೈರೆಕ್ಟರಿಗೂ ಕಿಲೋಗೆ ಒಂದೇ ದರ. ಪುಸ್ತಕದ ನಿಜವಾದ ತೂಕ ಗೊತ್ತಿದ್ದವರು ಆ ಇಬ್ಬರೇ ಎನಿಸುತ್ತದೆ.

ಕಾರಣ ಕೇಳಬೇಡಿ ಎಂದೆನಲ್ಲ. ಹೇಳಿಬಿಡುತ್ತೇನೆ. ಅಮ್ಮ ಹೋದ ಮೇಲೆ ನಾವು ಅಣ್ಣ ತಮ್ಮಂದಿರು ಭಾಗ ಮಾಡಿಕೊಂಡೆವು. ಸೈಟು, ನಾಲ್ಕು ಬಳೆ, ಒಂದು ಜೊತೆ ಓಲೆ. ಜಗಳವಾಗಲಿಲ್ಲ, ನಮ್ಮದು ಮರ್ಯಾದಸ್ಥರ ಮನೆ ಎಂದೆನಲ್ಲ. ಹೆಮಪುವನ್ನು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ನಮ್ಮದೇ ಅಲ್ಲದ್ದನ್ನು ಭಾಗಕ್ಕೆ ಕೇಳುವುದು ಹೇಗೆ? ಎರಡು ವರ್ಷ ಬಿಟ್ಟು ಅತ್ತಿಗೆಯ ಮನೆಗೆ ಹೋದಾಗ ಸುಮ್ಮನೆ ಎಂಬಂತೆ ವಿಚಾರಿಸಿದೆ. ‘ಹಳೇ ಸೀರೆ ಜೊತೆ ಅದನ್ನೂ ಹಾಕಿ ಇಡ್ಲಿ ಕುಕ್ಕರ್ ತಗೊಂಡೆ ಕಣಪ್ಪಾ’ ಎಂದರು. ಆ ಕುಕ್ಕರಿನಲ್ಲೇ ಮಾಡಿದ ಇಡ್ಲಿ ಬಡಿಸಿದರು. ಚೆನ್ನಾಗಿತ್ತು, ನಾಲ್ಕು ತಿಂದೆ. ಅಂದಿನಿಂದ ಗುಜರಿಯಲ್ಲಿ ಲೋಟ ಕಂಡರೆ ತಿರುವಿ ನೋಡುತ್ತೇನೆ. ಅಕ್ಕನಿಗೂ ಹೇಳಿದ್ದೇನೆ. ಓದು ಬಾರದಿದ್ದರೂ ಅವರು ಮೂರು ಅಕ್ಷರದ್ದು ಬಂದಾಗಲೆಲ್ಲ ಬೇರೆ ಎತ್ತಿಡುತ್ತಾರೆ. ಎಷ್ಟೋ ಮೂರಕ್ಷರದವರು ಬಂದು ಹೋದರು.

ಈಚೆಗೆ ತಪ್ಪಲೆಗೆ ಕಲಾಯಿ ಹಾಕಿಸಬೇಕಾಯಿತು. ದೀಪಾವಳಿಗೆ ಅದರಲ್ಲೇ ಹುಗ್ಗಿ ಮಾಡುತ್ತೇನೆಂದು ಮನೆಯವಳು ಹಟ ಹಿಡಿದಳು. ಎಂಜಲು, ಕಣ್ಣೀರು ಎಂದವಳೇ. ಹಿತ್ತಾಳೆಯಲ್ಲಿ ತಾಮ್ರವಿರುತ್ತದೆ, ಹುಳಿ ತಾಗಿದರೆ ಕಿಲುಬು ಬಿಡುತ್ತದೆ, ಒಳಗೆ ತವರ ಸವರಲೇಬೇಕು. ಕಲಾಯಿಯವರು ಈಗ ಸಿಗುವುದೇ ಕಷ್ಟ. ಅಕ್ಕನೇ ಎಲ್ಲಿಂದಲೋ ಒಬ್ಬರನ್ನು ಕಳಿಸಿದರು. ಮೊಪೆಡ್ಡಿನ ಹಿಂದೆ ಇದ್ದಲ ಚೀಲ, ಕೈಯಲ್ಲಿ ತಿರುಗಿಸುವ ಊದುಗಾಳಿ ಯಂತ್ರ. ನಮ್ಮ ಮನೆಯ ಮುಂದೆ ಕಾಂಕ್ರೀಟು ರಸ್ತೆ. ಗುಂಡಿ ತೋಡಲು ಮಣ್ಣಿಲ್ಲದೆ ಕೊನೆಗೆ ನುಗ್ಗೆ ಮರದ ಪಾತಿಯಲ್ಲಿ ಒಲೆ ಹೂಡಿದರು.

ಬೀದಿಯ ಮಕ್ಕಳೆಲ್ಲ ಸೇರಿದವು. ತಪ್ಪಲೆಯನ್ನು ಇಕ್ಕಳದಲ್ಲಿ ಹಿಡಿದು ಕೆಂಡದ ಮೇಲೆ ತಿರುತಿರುಗಿಸಿ ಕಾಯಿಸಿದರು. ತವರ ಕರಗಲು ಬೇಕಾದ್ದು 232 ಡಿಗ್ರಿ. ಅವರಿಗೆ ಥರ್ಮಾಮೀಟರು ಬೇಡ, ಬಣ್ಣ ನೋಡುತ್ತಾರೆ. ಕಡ್ಡಿಯಂಥ ತವರವನ್ನು ಒಳಗೆ ಒತ್ತಿ ಎರಡು ಎಳೆ ಎಳೆದು, ಮೇಲೆ ನವಸಾಗರದ ಪುಡಿ ಎರಚಿದರು. ಬೆಳ್ಳನೆಯ ಹೊಗೆ ಬುಸ್ಸೆಂದು ಎದ್ದು ಎಲ್ಲರೂ ಕೆಮ್ಮಿದೆವು. ಆ ಹೊಗೆಯೊಳಗೇ ಕೈ ಹಾಕಿ, ಹತ್ತಿಯ ಬಟ್ಟೆಯಿಂದ ಒಂದೇ ಸುತ್ತು ಸವರಿದರು. ಕರ್ರಗಿದ್ದ ಒಳಮೈಯಲ್ಲಿ ಚಂದ್ರ ಮೂಡಿದ ಹಾಗೆ ಬಿಳುಪು ಹರಿಯಿತು. ನೀರಿಗಿಟ್ಟಾಗ ಚುಯ್ಯೆಂದಿತು. ತವರಿನಿಂದ ಬಂದ ಪಾತ್ರೆಗೆ ತವರ ಎಂದು ನಾನೊಂದು ಮಾತು ಹೊಸೆದು ಮನೆಯವಳಿಗೆ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ, ಅಥವಾ ಕೇಳಿಸಿತು.

ಕಲಾಯಿಯವರು ತಪ್ಪಲೆಯನ್ನು ತಿರುಗಿಸಿ ಹೊರಮೈ ನೋಡಿದರು. ಪಕ್ಕದ ಚೀಲದಿಂದ ಒಂದು ಮರಳುಕಾಗದ ತೆಗೆದರು.

‘ಹೊರಗೂ ಒಂದು ಕೈ ಪಾಲಿಶ್ ಕೊಡ್ತೀನಮ್ಮ, ಹೊಸಾದು ಆಗ್ಬಿಡುತ್ತೆ.’

‘ಬೇಡ ಬೇಡ’ ಎಂದು ಮನೆಯವಳು ಮೆಟ್ಟಿಲಿಳಿದು ಬಂದಳು. ‘ಒಳಗಷ್ಟೇ ಸಾಕು. ಹೊರಗಡೆ ಅವರ ಹೆಸರಿದೆ.’

ಅವರು ತಪ್ಪಲೆಯನ್ನು ಬಿಸಿಲಿಗೆ ಹಿಡಿದು ಕಣ್ಣು ಕಿರಿದು ಮಾಡಿದರು. ‘ಹೆಸರೆಲ್ಲಿದೆಯಮ್ಮಾ? ಬರೀ ಚಿ. ಸೌ. ಅಲ್ವಾ ಇರೋದು?’

‘ಅಷ್ಟಿದೆಯಲ್ಲ’ ಎಂದಳು. ‘ಎಷ್ಟಾಯ್ತು ಹೇಳಿ.’